ಹಳೇ ಲ್ಯಾಪ್‌ಟಾಪ್, ಕೊಡಗಿನ ಮಳೆಗಾಲ, ಯುಬ್ಲಾಕ್ ಒರಿಜಿನ್

ಮಳೆಗಾಲದಲ್ಲಿ ನಾಪೋಕ್ಲು ಕಡೆ ಮರ ಬಿದ್ದು ಕರೆಂಟ್ ಹೋದರೆ, ಯಾವಾಗ ಬರುತ್ತೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಮನೆಯ ಇನ್ವರ್ಟರ್ ಲೈಟಿಗೂ ವೈಫೈಗೂ ಮೀಸಲು. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲೇ ದಿನ ದೂಡಬೇಕು. ಹೋಂಸ್ಟೇ ಬುಕಿಂಗ್, ತೋಟದ ಲೆಕ್ಕ, ಕಾಫಿ ರೇಟು ಎಲ್ಲಕ್ಕೂ ನನ್ನ ಹತ್ತಿರ ಇರುವುದು ಒಂದೇ ಯಂತ್ರ. ಇಂಟೆಲ್ 8ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಅದರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಹಾಕಿಕೊಂಡು ಕೆಲವು ವರ್ಷ ಆಯಿತು.

ಅದಕ್ಕೂ ಮುಂಚೆ ಬ್ಯಾಟರಿ ಎರಡು ಗಂಟೆಯೂ ನಿಲ್ಲುತ್ತಿರಲಿಲ್ಲ. "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸಿ" ಅಂದರು ರಿಪೇರಿ ಅಂಗಡಿಯವರು. ದುಡ್ಡು ಕೊಡುವ ಮುಂಚೆ ವಿಂಡೋಸ್‌ನಲ್ಲೇ ಸಿಗುವ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದೆ. ಹೊಸದರಲ್ಲಿ ಹಿಡಿಯುತ್ತಿದ್ದ ಚಾರ್ಜಿನಲ್ಲಿ ಬಹುಪಾಲು ಈಗಲೂ ಹಿಡಿಯುತ್ತಿತ್ತು. ಅಂದರೆ ಬೇರೆ ಯಾರೋ ಖಾಲಿ ಮಾಡುತ್ತಿದ್ದರು.

ಯಾರು ಅಂತ ತಿಳಿಯುವುದು ಕಷ್ಟವೇನಲ್ಲ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಇರಲಿ, ಕ್ರೋಮ್ ಇರಲಿ, ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಯಾವ ಟ್ಯಾಬ್ ಎಷ್ಟು ಪ್ರೊಸೆಸರ್ ತಿನ್ನುತ್ತಿದೆ ಅನ್ನುವ ಪಟ್ಟಿ ಬರುತ್ತದೆ. ನನ್ನ ಪಟ್ಟಿಯಲ್ಲಿ ಮೇಲೆ ಕೂತಿದ್ದುದು ಕಾಫಿ ರೇಟು ತೋರಿಸುವ ಒಂದು ಪುಟ. ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟು, ರೊಬಸ್ಟಾ ಚೆರಿ ಎಷ್ಟು, 50 ಕೆಜಿ ಮೂಟೆಗೆ. ನನಗೆ ಬೇಕಿದ್ದುದು ಅಷ್ಟೇ, ನಾಲ್ಕು ಸಾಲು. ಆ ನಾಲ್ಕು ಸಾಲಿನ ಮೇಲೆ ಓಡುತ್ತಲೇ ಇರುವ ಪಟ್ಟಿ, ಕೆಳಗಿನ ಮೂಲೆಯಲ್ಲಿ ತಾನಾಗೇ ಶುರುವಾಗುವ ವಿಡಿಯೋ, ಬದಿಯಲ್ಲಿ ಆಗಾಗ ಬದಲಾಗುವ ಜಾಹೀರಾತು. ಮೌಸ್ ಮುಟ್ಟದೆ ಸುಮ್ನೆ ಕೂತಿದ್ದರೂ ಒಂದು ಕೋರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಟ್ಯಾಬಿಗೇ ಹೋಗುತ್ತಿತ್ತು. ಹಂಚಿನ ಮೇಲೆ ಮಳೆ ಸುರಿಯುವಾಗಲೂ ಫ್ಯಾನ್ ಸದ್ದು ಕೇಳಿಸುತ್ತಿತ್ತು ಅಂದರೆ ನೋಡಿ.

ಪುಟ ಪೂರ್ತಿ ಬಂದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಮುಗಿದಿರುವುದಿಲ್ಲ. ಜಾಹೀರಾತಿನ ಜಾಗಕ್ಕೆ ಹರಾಜು ನಡೆಯುತ್ತದೆ, ಎಷ್ಟೋ ಸೈಟುಗಳಲ್ಲಿ ಆ ಹರಾಜಿನ ಒಂದಷ್ಟು ಕೆಲಸ ಮಾಡುವುದು ನಮ್ಮದೇ ಲ್ಯಾಪ್‌ಟಾಪ್. ನೀವು ಎಲ್ಲಿವರೆಗೆ ಓದಿದಿರಿ, ಎಲ್ಲಿ ಒತ್ತಿದಿರಿ ಅಂತ ಲೆಕ್ಕ ಇಡುವ ಜಾವಾಸ್ಕ್ರಿಪ್ಟ್ (ಪುಟದ ಜೊತೆ ಬಂದು ಬ್ರೌಸರಿನಲ್ಲಿ ಓಡುವ ಪ್ರೋಗ್ರಾಂ) ಬೇರೆ. ಏನಾದರೂ ಅಲುಗಾಡುತ್ತಿದ್ದರೆ ಆ ಭಾಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲದವರೆಗೂ ಮತ್ತೆ ಬಿಡಿಸಬೇಕಾಗುತ್ತದೆ. ಕೆಲಸ ಇಲ್ಲದಾಗ ಪ್ರೊಸೆಸರ್ ನಿದ್ದೆಗೆ ಜಾರಿ ಚಾರ್ಜ್ ಉಳಿಸುತ್ತದೆ. ಹೀಗೆ ಪದೇ ಪದೇ ಎಬ್ಬಿಸಿದರೆ ಉಳಿತಾಯ ಎಲ್ಲಿಂದ ಬರಬೇಕು? ಹಿಂದೆ ತೆರೆದಿಟ್ಟ ಟ್ಯಾಬ್‌ಗಳಿಗೆ ಕ್ರೋಮ್ 2017ರಿಂದಲೇ ಸಾಕಷ್ಟು ಕಡಿವಾಣ ಹಾಕಿದೆ, ಉಳಿದ ಬ್ರೌಸರ್‌ಗಳೂ ಅಷ್ಟೇ. ಆದರೆ ಕಣ್ಣೆದುರು ಇರುವ ಟ್ಯಾಬ್ ಕುಣಿದಷ್ಟೂ ಕುಣಿಯಬಹುದು.

ಯುಬ್ಲಾಕ್ ಒರಿಜಿನ್ ಜಾಹೀರಾತನ್ನು ಬರೀ ಮರೆ ಮಾಡುವುದಿಲ್ಲ, ಅದನ್ನು ತರಿಸುವುದನ್ನೇ ತಡೆಯುತ್ತದೆ. ಬಾರದ ಸ್ಕ್ರಿಪ್ಟ್ ಓಡುವುದೂ ಇಲ್ಲ. ಅದೇ ರೇಟಿನ ಪುಟ ಈಗ ಪಟ್ಟಿಯ ತಳದಲ್ಲೆಲ್ಲೋ ಇರುತ್ತದೆ. ಬೆಳಗ್ಗೆ ತಿಂಡಿ ಮುಗಿಸಿ ಕೂತರೆ ಮಧ್ಯಾಹ್ನದ ಊಟದವರೆಗೆ ಚಾರ್ಜರ್ ಹುಡುಕುವುದಿಲ್ಲ, ಬ್ಯಾಟರಿ ಅದೇ ಹಳೆಯದು. ನೆಟ್‌ವರ್ಕ್ ಒಂದೇ ಕಡ್ಡಿ ಇರುವ ದಿನ ಇನ್ನೊಂದು ಉಪಯೋಗ. ಇಂತಿಷ್ಟು ಕೆಬಿಗಿಂತ ದೊಡ್ಡ ಚಿತ್ರ, ವಿಡಿಯೋ ಬೇಡ ಅಂತ ಇದರ ಸೆಟ್ಟಿಂಗ್ಸ್‌ನಲ್ಲೇ ಹೇಳಬಹುದು. ತೀರಾ ಹಟಮಾರಿ ಸೈಟಿಗೆ ಜಾವಾಸ್ಕ್ರಿಪ್ಟನ್ನೇ ನಿಲ್ಲಿಸುವ ಗುಂಡಿಯೂ ಇದೆ. ಸುದ್ದಿ ಓದಲು ಎಷ್ಟೋ ಕಡೆ ಅಷ್ಟು ಸಾಕು.

ನಮ್ಮ ಜಿಲ್ಲೆಯ ಸುದ್ದಿ ಕೊಡುವ ಸೈಟಿಗೆ ಮಾತ್ರ ಇದನ್ನು ಆಫ್ ಮಾಡಿಟ್ಟಿದ್ದೇನೆ. ಅವರ ಹೊಟ್ಟೆಪಾಡೂ ನಡೆಯಬೇಕಲ್ಲ.

ಹಾಕಿಕೊಳ್ಳುವಾಗ ಹೆಸರು ಸರಿಯಾಗಿ ನೋಡಿ. 'ಒರಿಜಿನ್' ಇಲ್ಲದ ಬರೀ ಯುಬ್ಲಾಕ್ ಬೇರೆಯವರದ್ದು. ಇದನ್ನು ಬರೆದ ರೇಮಂಡ್ ಹಿಲ್ ದುಡ್ಡು ಕೇಳುವುದಿಲ್ಲ, ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಸಿಗುವುದು ಇದರದ್ದೇ ಕಡಿಮೆ ಸೌಲಭ್ಯದ 'ಲೈಟ್' ಆವೃತ್ತಿ ಮಾತ್ರ. ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಇದೆ, ಜಾಹೀರಾತು ತಡೆಯಲು ಪರವಾಗಿಲ್ಲ. ಪೂರ್ತಿ ಹಿಡಿತ ಬೇಕಾದರೆ ಫೈರ್‌ಫಾಕ್ಸೇ ಸರಿ.

ತೊಂದರೆ ಇಲ್ಲವೇ ಅಂದರೆ, ಇದೆ. ಕೆಲವು ಪೇಮೆಂಟ್ ಪುಟಗಳು ಅರ್ಧಕ್ಕೇ ನಿಂತುಬಿಡುತ್ತವೆ. ಗೆಸ್ಟ್ ಅಡ್ವಾನ್ಸ್ ವಾಪಸ್ ಕಳಿಸುವಾಗ ಅತ್ತಿಗೆ "ಸೈಟೇ ಹಾಳಾಗಿದೆ" ಅಂತ ಕೂಗಿಕೊಂಡರು. ಯುಬ್ಲಾಕ್ ಒರಿಜಿನ್‌ನ ಪವರ್ ಗುಂಡಿ ಒತ್ತಿ ಆ ಸೈಟಿಗೆ ಅದನ್ನು ಆಫ್ ಮಾಡಿ, ಪುಟ ರಿಲೋಡ್ ಮಾಡಿದರೆ ಸರಿಹೋಗುತ್ತದೆ. ಗೊತ್ತಿಲ್ಲದವರಿಗೆ ತಲೆಬಿಸಿಯೇ.

ಸೈಟಿನ ಸ್ವಂತ ಕೆಲಸವೇ ಕೆಟ್ಟದಾಗಿದ್ದರೆ ಯಾವ ಎಕ್ಸ್‌ಟೆನ್ಶನ್ನೂ ಏನೂ ಮಾಡಲಾಗದು. ನಾನು ಬಳಸುವ ಬುಕಿಂಗ್ ಸೈಟಿನಲ್ಲಿ ಜಾಹೀರಾತೇ ಇಲ್ಲ. ಆದರೂ ಒಂದು ರೂಮಿನ ಒಂದು ದಿನ ಬ್ಲಾಕ್ ಮಾಡಿದರೆ ಸಾಕು, ಇಡೀ ತಿಂಗಳ ಕ್ಯಾಲೆಂಡರ್ ಮತ್ತೆ ಹೊಸದಾಗಿ ಬರುತ್ತದೆ, ಫ್ಯಾನ್ ಶುರು. ಅವರಿಗೆ ಬರೆದೆ. "ದಯವಿಟ್ಟು ಬ್ರೌಸರ್ ಅಪ್‌ಡೇಟ್ ಮಾಡಿ" ಅಂತ ಉತ್ತರ ಬಂತು. ಕೆಲಸ ಆದ ತಕ್ಷಣ ಆ ಟ್ಯಾಬ್ ಮುಚ್ಚುತ್ತೇನೆ, ಬೇರೆ ದಾರಿ ಇಲ್ಲ.

5ಕ್ಕೆ 4 ಅಂಕ. ಒಂದು ಕಳೆದದ್ದು ಪೇಮೆಂಟ್ ಪುಟದ ಕಿರಿಕಿರಿಗೆ. ಕ್ಯಾಲೆಂಡರ್ ಪಾಪ ಇದರ ತಪ್ಪಲ್ಲ.