ಚುರುಕು ಕಾರಿನ ಹೆಚ್ಚುವರಿ ಹಣ ಎಲ್ಲಿ ದುಡಿಯುತ್ತದೆ: ಸ್ವಿಫ್ಟ್ ಸ್ಪೋರ್ಟ್, ಐ20 ಎನ್, ಪೋಲೊ ಜಿಟಿಐ

ಒಂದೇ ಹೆಸರಿನ ಸಣ್ಣ ಕಾರಿನ ಎರಡು ಆವೃತ್ತಿಗಳು, ಒಂದು ಸಾಧಾರಣ, ಇನ್ನೊಂದು ಚುರುಕಿನದು, ಅಕ್ಕಪಕ್ಕದಲ್ಲಿ ನಿಂತಿರುತ್ತವೆ. ಬಾಗಿಲುಗಳಾಗಲಿ ಸೀಟುಗಳಾಗಲಿ ಹಿಂದಿನ ಡಿಕ್ಕಿಯಾಗಲಿ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂಬುದಿಲ್ಲ. ಆದರೂ ಒಂದರ ಬೆಲೆ ಇನ್ನೊಂದಕ್ಕಿಂತ ಬಹಳ ಮೇಲಿರುತ್ತದೆ. ಆ ಹೆಚ್ಚಿನ ಹಣಕ್ಕೆ ಏನು ಸಿಗುತ್ತದೆ ಎಂದು ವಿಚಾರಿಸಿದರೆ ಬರುವ ಉತ್ತರ ಬಹುತೇಕ ಅಶ್ವಶಕ್ತಿಯದ್ದೇ ಆಗಿರುತ್ತದೆ, ಇಲ್ಲವೆಂದರೆ ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು ಎಂಬುದರದ್ದು. ಈ ಅಂಕಿಗಳನ್ನು ಓದಿ ಓದಿ ಸಾಕಾದ ಮೇಲೆ, ನನಗೆ ಕೈಗೆಟುಕಿದ ಮೂರು ಕಾರುಗಳನ್ನು ಒಂದೇ ದಾರಿಯಲ್ಲಿ ಓಡಿಸಿ ನೋಡಿದೆ. ಅದರಿಂದ ನನಗೆ ಖಚಿತವಾದದ್ದು ಇಷ್ಟು: ಹೆಚ್ಚುವರಿ ಹಣ ಗಂಟೆಗೆ ನಲವತ್ತರಿಂದ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಎಷ್ಟು ದುಡಿಯುತ್ತದೆ ಎನ್ನುವುದರ ಮೇಲೆ ಈ ಕಾರುಗಳ ಬೆಲೆ ಸರಿಯೋ ದುಬಾರಿಯೋ ಎಂಬುದು ನಿಂತಿದೆ. ಉಳಿದ ವೇಗಗಳು ನಮ್ಮ ಪಾಲಿಗೆ ಬರುವುದೇ ಅಪರೂಪ.

ಹೋಲಿಕೆಯ ಅಳತೆಗೋಲು ನನ್ನ ಸ್ವಂತ ಕಾರು. ಅದು 1.2 ಲೀಟರ್ ಪೆಟ್ರೋಲ್ ಎಂಜಿನ್ ಹೊಂದಿರುವ, 90 ಪಿಎಸ್ (ಅಶ್ವಶಕ್ತಿಯ ಮೆಟ್ರಿಕ್ ಮಾನ) ಶಕ್ತಿಯ ಸಾಧಾರಣ ಸ್ವಿಫ್ಟ್. ಆರು ವರ್ಷಗಳಿಂದ ನನ್ನ ಬಳಿ ಇದೆ. ಅದರ ಎದುರಿಗೆ ಇಟ್ಟು ನೋಡಿದವುಗಳಲ್ಲಿ ಮೊದಲನೆಯದು ಪರಿಚಿತರಿಂದ ಎರಡು ವಾರಗಳ ಮಟ್ಟಿಗೆ ಎರವಲು ಪಡೆದ ಸುಜುಕಿ ಸ್ವಿಫ್ಟ್ ಸ್ಪೋರ್ಟ್, ಎರಡನೆಯದು ನಾಲ್ಕು ದಿನ ಬಾಡಿಗೆಗೆ ಪಡೆದ ಹುಂಡೈ ಐ20 ಎನ್, ಮೂರನೆಯದು ಒಂದು ವಾರ ನನ್ನ ಬಳಿ ಇದ್ದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ. ದಾರಿ ಒಟ್ಟು ಅರವತ್ತು ಕಿಲೋಮೀಟರಿನದು. ಮೊದಲ ಭಾಗ ಊರೊಳಗಿನ ಸಂಚಾರ, ನಡುವೆ ತಿರುವುಗಳ ಏರುರಸ್ತೆ, ಕೊನೆಗೆ ಹೆದ್ದಾರಿ. ಫೋರ್ಡ್ ಫಿಯೆಸ್ಟಾ ಎಸ್‌ಟಿಯನ್ನೂ ಸೇರಿಸಿಕೊಳ್ಳಬೇಕೆಂಬ ಆಸೆ ಇತ್ತು. ಆದರೆ ಫಿಯೆಸ್ಟಾದ ತಯಾರಿಕೆ 2023ರ ಜುಲೈನಲ್ಲಿಯೇ ನಿಂತುಹೋಗಿದೆ, ಓಡಿಸಲು ಕೊಡುವಷ್ಟು ಉದಾರಿಯಾದ ಮಾಲೀಕರೂ ನನಗೆ ಸಿಗಲಿಲ್ಲ. ಓಡಿಸದ ಕಾರಿನ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲವಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ.

ಅಂಕಿಗಳನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಆದರೆ ಅಶ್ವಶಕ್ತಿಯನ್ನು ತೂಕದಿಂದ ಭಾಗಿಸದೆ ಹೇಳುವುದು ಖರ್ಚಿನ ಲೆಕ್ಕ ಬಿಟ್ಟು ಸಂಬಳವನ್ನಷ್ಟೇ ಹೇಳಿದಂತೆ. ನಾನು ಓಡಿಸಿದ ಸ್ವಿಫ್ಟ್ ಸ್ಪೋರ್ಟ್‌ನಲ್ಲಿ 1.4 ಲೀಟರಿನ ಟರ್ಬೊ ಎಂಜಿನ್ ಇದ್ದು, 140 ಪಿಎಸ್ ಶಕ್ತಿ ಮತ್ತು 230 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಕಾರಿನ ತೂಕ 975 ಕಿಲೊ. ಐ20 ಎನ್‌ನ 1.6 ಲೀಟರಿನ ಟರ್ಬೊ ಎಂಜಿನ್ 204 ಪಿಎಸ್ ಮತ್ತು 275 ನ್ಯೂಟನ್ ಮೀಟರ್ ಕೊಡುತ್ತದೆ. ತೂಕ 1190 ಕಿಲೊ. ಟನ್ನಿಗೆ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ಸುಮಾರು 144 ಪಿಎಸ್, ಎರಡನೆಯದಕ್ಕೆ ಸುಮಾರು 171 ಪಿಎಸ್ ಬೀಳುತ್ತದೆ. ಈ ಬಗೆಯ ಕಾರುಗಳಿಗೆ ದಾರಿ ಮಾಡಿಕೊಟ್ಟ 1976ರ ಗಾಲ್ಫ್ ಜಿಟಿಐ 110 ಪಿಎಸ್ ಶಕ್ತಿಯದಾಗಿತ್ತು ಮತ್ತು ತೂಗುತ್ತಿದ್ದುದು ಹೆಚ್ಚುಕಡಿಮೆ 810 ಕಿಲೊ. ಟನ್ನಿಗೆ 136 ಪಿಎಸ್. ಅಂದರೆ ಮೂರರಲ್ಲಿ ಅತ್ಯಂತ ದುರ್ಬಲವೆಂದು ಮೂಗು ಮುರಿಯಲಾಗುವ ಸ್ವಿಫ್ಟ್ ಸ್ಪೋರ್ಟ್, ಒಂದು ಪೀಳಿಗೆಯನ್ನೇ ಹುಚ್ಚುಹಿಡಿಸಿದ ಆ ಕಾರಿಗಿಂತ ಒಂದು ಕೈ ಮೇಲೆಯೇ ಇದೆ. ಪೋಲೊ ಜಿಟಿಐನ ಬಲ ಬೇರೆ ಬಗೆಯದು. ಅದರ 2 ಲೀಟರ್ ಎಂಜಿನ್ 207 ಪಿಎಸ್ ಶಕ್ತಿಯ ಜೊತೆಗೆ 320 ನ್ಯೂಟನ್ ಮೀಟರ್ ಟಾರ್ಕನ್ನು ನಿಮಿಷಕ್ಕೆ 1500 ಸುತ್ತುಗಳ ಸುಮಾರಿನಿಂದಲೇ ಕೊಡತೊಡಗುತ್ತದೆ. ಗೇರನ್ನು ತಾನೇ ಬದಲಿಸುವ, ಡಿಎಸ್‌ಜಿ ಎಂಬ ಏಳು ಗೇರಿನ ಪೆಟ್ಟಿಗೆ ಅದನ್ನು ಚಾಲಕನ ಶ್ರಮವಿಲ್ಲದೆ ಚಕ್ರಗಳಿಗೆ ತಲುಪಿಸುತ್ತದೆ.

ಊರೊಳಗೆ ಈ ಅಂಕಿಗಳಿಗೆ ಕೆಲಸವಿಲ್ಲ, ಅಲ್ಲಿ ಆಳುವುದು ಟಯರಿನ ಪಕ್ಕಗೋಡೆ. ನನ್ನ ಸಾಧಾರಣ ಸ್ವಿಫ್ಟ್‌ನ 185/55 ಅಳತೆಯ (ಅಗಲ 185 ಮಿಲಿಮೀಟರ್, ಪಕ್ಕಗೋಡೆಯ ಎತ್ತರ ಅದರ ಶೇಕಡ 55) ಟಯರಿನಲ್ಲಿ ರಸ್ತೆಗೂ ರಿಮ್ಮಿಗೂ ನಡುವೆ ಸುಮಾರು 102 ಮಿಲಿಮೀಟರ್ ರಬ್ಬರ್ ಇದೆ. ಸ್ಪೋರ್ಟ್‌ನ 195/45 ಟಯರಿನಲ್ಲಿ ಅದು 88ಕ್ಕೂ, ಐ20 ಎನ್‌ನ 215/40 ಟಯರಿನಲ್ಲಿ 86ಕ್ಕೂ ಇಳಿಯುತ್ತದೆ. ಹದಿನಾಲ್ಕು ಹದಿನಾರು ಮಿಲಿಮೀಟರ್ ಎಂದರೆ ಒಂದು ಬೆರಳಿನ ದಪ್ಪವಷ್ಟೇ ಎಂದು ನಾನೂ ತಿಳಿದಿದ್ದೆ. ಮೂರರಲ್ಲಿ ಒಂದು ಕಾರನ್ನು ಗಮನವಿಲ್ಲದೆ ಗುಂಡಿಗೆ ಇಳಿಸಿ ರಿಮ್ಮಿನ ಅಂಚು ಬಾಗಿಸಿಕೊಂಡ ದಿನ ಆ ಬೆರಳಿನ ಬೆಲೆ ತಿಳಿಯಿತು. ತಪ್ಪು ಕಾರಿನದಲ್ಲ, ನನ್ನದು. ಆದರೆ ಅದೇ ಗುಂಡಿಗೆ ನನ್ನ ಹಳೆಯ ಕಾರು ಹಲವು ಬಾರಿ ಇಳಿದೂ ಏನೂ ಆಗದೆ ಮೇಲೆದ್ದಿದೆ.

ಟಯರಿನ ಹಿಂದೆ ಡ್ಯಾಂಪರಿನ, ಅಂದರೆ ಕುಲುಕನ್ನು ಅಡಗಿಸುವ ಶಾಕ್ ಅಬ್ಸಾರ್ಬರಿನ, ಮಾತು ಬರುತ್ತದೆ. ಐ20 ಎನ್‌ನ ಡ್ಯಾಂಪರುಗಳಿಗೆ ಇರುವುದು ಒಂದೇ ಹದ, ಆ ಹದವನ್ನು ನಿರ್ಧರಿಸಿದವರ ಕಣ್ಣ ಮುಂದೆ ಇದ್ದದ್ದು ಊರೊಳಗಿನ ರಸ್ತೆಯಲ್ಲ. ಒರಟು ರಸ್ತೆಯಲ್ಲಿ ಮೂವತ್ತರ ವೇಗದಲ್ಲಿ ಹೋಗುವಾಗ ಪ್ರತಿಯೊಂದು ಬಿರುಕನ್ನೂ ಅದು ವರದಿ ಮಾಡುತ್ತದೆ. ನಾನು ಓಡಿಸಿದ ಪೋಲೊದಲ್ಲಿ ಸ್ವಿಚ್ ಒತ್ತಿ ಹದ ಬದಲಿಸುವ ಡ್ಯಾಂಪರುಗಳಿದ್ದವು. ಸಾಧಾರಣ ಹದದಲ್ಲಿ ಹಿಂದೆ ಕುಳಿತ ನನ್ನ ತಾಯಿ ನಿದ್ದೆ ಹೋದರು, ಅದಕ್ಕಿಂತ ದೊಡ್ಡ ಪ್ರಮಾಣಪತ್ರವನ್ನು ನಾನು ನಿರೀಕ್ಷಿಸುವುದಿಲ್ಲ. ಸ್ವಿಫ್ಟ್ ಸ್ಪೋರ್ಟ್ ಇವೆರಡರ ನಡುವೆ ನಿಲ್ಲುತ್ತದೆ. ಅದೂ ಗಟ್ಟಿಯೇ, ಆದರೆ ಕಾರು ಹಗುರವಾಗಿರುವುದರಿಂದ ಅದನ್ನು ಹಿಡಿದಿಡಲು ಬಹಳ ಬಿಗಿಯಾದ ಸ್ಪ್ರಿಂಗುಗಳು ಬೇಕಾಗಿಲ್ಲ. ಉಬ್ಬಿನ ಮೇಲೆ ಒಂದು ಸಲ ಕುಲುಕಿ ಸುಮ್ಮನಾಗುತ್ತದೆ.

ತಿರುವುಗಳ ರಸ್ತೆಗೆ ಬಂದಾಗ ಹೋಲಿಕೆ ತಲೆಕೆಳಗಾಗುತ್ತದೆ, ಬೆಲೆಯ ಪ್ರಶ್ನೆಗೆ ನಿಜವಾದ ಉತ್ತರ ದೊರೆಯುವುದೂ ಇಲ್ಲಿಯೇ. ಮೂರೂ ಮುಂದಿನ ಚಕ್ರಗಳಿಂದ ಎಳೆಯುವ ಕಾರುಗಳು. ತಿರುವಿನಲ್ಲಿ ಭಾರ ಹೊರಗಿನ ಚಕ್ರದ ಕಡೆಗೆ ವಾಲಿ, ಒಳಗಿನ ಚಕ್ರ ಹಗುರಾಗುತ್ತದೆ. ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆಯಾದ ಡಿಫರೆನ್ಷಿಯಲ್, ಸಾಧಾರಣ ಬಗೆಯದಾದರೆ, ಎರಡೂ ಚಕ್ರಗಳಿಗೆ ಸಮನಾದ ಟಾರ್ಕನ್ನೇ ಕೊಡುವುದರಿಂದ, ಹಿಡಿತ ಕಳೆದುಕೊಂಡ ಒಳಚಕ್ರ ಎಷ್ಟು ತಾಳಬಲ್ಲದೋ ಅಷ್ಟೇ ಹೊರಚಕ್ರಕ್ಕೂ ಸಿಗುತ್ತದೆ. ಚಾಲಕ ಪೆಡಲ್ ಒತ್ತಿದಷ್ಟೂ ಒಳಚಕ್ರ ಸುಮ್ಮನೆ ಸುತ್ತುತ್ತದೆ, ಕಾರಿನ ಮೂಗು ರಸ್ತೆಯ ಹೊರಅಂಚಿನ ಕಡೆಗೆ ಸರಿಯುತ್ತದೆ. ಪೋಲೊ ಇದಕ್ಕೆ ಎಕ್ಸ್‌ಡಿಎಸ್ ಎಂಬ ವಿದ್ಯುನ್ಮಾನ ಉಪಾಯ ಮಾಡಿದೆ: ಒಳಚಕ್ರವನ್ನು ಬ್ರೇಕಿನಿಂದ ಸ್ವಲ್ಪ ಹಿಡಿದು ಹೊರಚಕ್ರಕ್ಕೆ ಬಲ ಹೋಗುವಂತೆ ನೋಡಿಕೊಳ್ಳುತ್ತದೆ. ಒಂದೆರಡು ತಿರುವುಗಳಿಗೆ ಇದು ಸೊಗಸು. ಸತತವಾಗಿ ಏರುತ್ತ ಹೋದರೆ, ಮುಂದಕ್ಕೆ ಎಳೆಯಬೇಕಾದ ಶಕ್ತಿಯ ಒಂದಂಶವನ್ನು ಬ್ರೇಕುಗಳು ಬಿಸಿಯಾಗಿ ಕಳೆಯುತ್ತಿವೆ ಎಂಬ ಅನುಮಾನ ಕೈಗಳಿಗೆ ತಿಳಿಯುತ್ತದೆ.

ಐ20 ಎನ್‌ನಲ್ಲಿ ಇರುವುದು ಯಾಂತ್ರಿಕವಾದ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಅದು ಬ್ರೇಕಿನ ಹಂಗಿಲ್ಲದೆ ಗೇರುಗಳ ಘರ್ಷಣೆಯಿಂದಲೇ ಹಿಡಿತವಿರುವ ಚಕ್ರದ ಕಡೆಗೆ ಟಾರ್ಕನ್ನು ತಿರುಗಿಸುತ್ತದೆ. ಎರಡನೆಯ ಗೇರಿನ ಒಂದು ಬಿಗಿ ತಿರುವಿನಲ್ಲಿ, ಬೇರೆ ಯಾವ ಕಾರಿನಲ್ಲಾದರೂ ಕಾಲು ಹಿಂದೆಗೆದುಕೊಳ್ಳಬೇಕಾದ ಜಾಗದಲ್ಲಿ ಪೆಡಲನ್ನು ಒತ್ತಿದೆ. ಕಾರು ಹೊರಕ್ಕೆ ಜಾರುವ ಬದಲು ಯಾರೋ ಮೂಗುದಾರ ಹಿಡಿದು ಜಗ್ಗಿದಂತೆ ಒಳಕ್ಕೆ ತಿರುಗಿತು. ವೇಗಮಾಪಕ ಐವತ್ತನ್ನೂ ದಾಟಿರಲಿಲ್ಲ. ಆ ಒಂದು ಕ್ಷಣಕ್ಕಾಗಿ ಹೆಚ್ಚಿನ ಹಣ ಕೊಟ್ಟವರನ್ನು ಇನ್ನು ಮುಂದೆ ನಾನು ಮೂರ್ಖರೆನ್ನಲಾರೆ. ಅದಕ್ಕೊಂದು ಅಡ್ಡ ಪರಿಣಾಮವೂ ಇದೆ: ರಸ್ತೆ ಒಂದು ಬದಿಗೆ ವಾಲಿದ್ದರೆ ಸ್ಟಿಯರಿಂಗ್ ತಾನೂ ಆ ಬದಿಗೆ ತುಯ್ಯುತ್ತದೆ. ಎರಡು ಕೈಗಳಿಂದ ಹಿಡಿದು ಓಡಿಸಬೇಕಾದ ಕಾರು ಇದು.

ಸ್ವಿಫ್ಟ್ ಸ್ಪೋರ್ಟ್‌ಗೆ ಅಂಥ ಡಿಫರೆನ್ಷಿಯಲ್ ಇಲ್ಲ. ನಿಧಾನದ ತಿರುವಿನಿಂದ ಆತುರದಲ್ಲಿ ಹೊರಬಂದರೆ ಒಳಚಕ್ರ ಸುತ್ತಿಕೊಳ್ಳುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಐ20 ಎನ್‌ಗಿಂತ 215 ಕಿಲೊ ಕಡಿಮೆ ತೂಗುವ ಕಾರು ತಿರುವಿಗೆ ಪ್ರವೇಶಿಸುವ ರೀತಿಯೇ ಬೇರೆ. ಮೂವರು ದೊಡ್ಡವರನ್ನು ಇಳಿಸಿ ಹೋದಷ್ಟು ವ್ಯತ್ಯಾಸ ಅದು. ಸ್ಟಿಯರಿಂಗ್ ತಿರುಗಿಸುವುದಕ್ಕೂ ಮೂಗು ತಿರುಗುವುದಕ್ಕೂ ನಡುವೆ ಬಿಡುವೇ ಇಲ್ಲ. ಎಂಜಿನ್ 2500 ಸುತ್ತುಗಳಿಂದ ಚೆನ್ನಾಗಿ ಎಳೆಯುತ್ತದೆ, ಆರು ಸಾವಿರದ ಹತ್ತಿರ ಉತ್ಸಾಹ ಕಳೆದುಕೊಳ್ಳುತ್ತದೆ. ಹಾಗಾಗಿ ಅದನ್ನು ಕಿರುಚಿಸುವುದಕ್ಕಿಂತ ಮೂರನೆಯ ಗೇರಿನಲ್ಲಿಟ್ಟು, ಬ್ರೇಕನ್ನು ಕಡಿಮೆ ಬಳಸಿ, ತಿರುವಿನೊಳಗೆ ವೇಗವನ್ನು ಉಳಿಸಿಕೊಂಡು ಹೋಗುವುದೇ ಸರಿಯಾದ ಕ್ರಮ. ಮುಖ್ಯವಾದ ಸಂಗತಿ ಏನೆಂದರೆ, ಈ ಕಾರಿನ ಪೂರ್ಣ ಸಾಮರ್ಥ್ಯವನ್ನು ನಿಯಮಬದ್ಧ ವೇಗದಲ್ಲಿಯೇ ಮುಟ್ಟಬಹುದು. ಪೋಲೊದಲ್ಲಿ ಅದೇ ರಸ್ತೆಯಲ್ಲಿ ನಾನು ಬಳಸಿದ್ದು ಅರ್ಧದಷ್ಟು ಕಾರನ್ನು ಮಾತ್ರ, ಮತ್ತು ಅದು ಎಷ್ಟು ನಿರಾಯಾಸವಾಗಿ ವೇಗ ಕೂಡಿಸುತ್ತಿತ್ತೆಂದರೆ, ಎಂಬತ್ತು ಎಂದುಕೊಂಡಿದ್ದ ವೇಗ ನೂರಾಗಿರುವುದನ್ನು ಎರಡು ಬಾರಿ ಮಾಪಕ ನೋಡಿಯೇ ತಿಳಿದೆ. ಆ ಇಪ್ಪತ್ತರ ಅಂತರ ಸಣ್ಣದಲ್ಲ. ಎಂಬತ್ತರಿಂದ ನೂರಕ್ಕೆ ಹೋದ ಕಾರಿನಲ್ಲಿ ಬ್ರೇಕು ಅರಗಿಸಬೇಕಾದ ಚಲನಶಕ್ತಿ ಶೇಕಡ 56ರಷ್ಟು ಹೆಚ್ಚಿರುತ್ತದೆ. ಐ20 ಎನ್‌ನ ಮುಂದಿನ ಬ್ರೇಕ್ ಡಿಸ್ಕುಗಳು ಸಾಧಾರಣ ಐ20ಗಿಂತ 40 ಮಿಲಿಮೀಟರ್ ದೊಡ್ಡದಾಗಿರುವುದು ಇದೇ ಕಾರಣಕ್ಕೆ. ಕಣ್ಣಿಗೆ ಬೀಳದಿದ್ದರೂ ಹಣ ಸಾರ್ಥಕವಾಗಿ ಹೋಗಿರುವ ಜಾಗ ಅದು.

ಹೆದ್ದಾರಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಪೋಲೊ ಅಲ್ಲಿ ದೊಡ್ಡ ಕಾರಿನಂತೆ ಸಾಗುತ್ತದೆ, ಉಳಿದ ಎರಡರಲ್ಲಿ ಟಯರಿನ ಸದ್ದು ಮಾತಿಗೆ ಅಡ್ಡ ಬರುತ್ತದೆ. ಡಿಕ್ಕಿ ಪೋಲೊದಲ್ಲಿ 305 ಲೀಟರ್, ಸ್ವಿಫ್ಟ್ ಸ್ಪೋರ್ಟ್‌ನಲ್ಲಿ 265 ಲೀಟರ್. ನಾಲ್ವರ ವಾರದ ಸಾಮಾನಿಗೆ ಎರಡನೆಯದು ಸಾಲದು.

ಹೋಲಿಕೆಯ ಅಂಚಿನಲ್ಲಿ ಇನ್ನೊಂದು ಬಗೆಯ ಕಾರುಗಳೂ ಇವೆ: ಸಾಧಾರಣ ಎಂಜಿನ್, ಸಾಧಾರಣ ಬ್ರೇಕು, ಸಾಧಾರಣ ಡ್ಯಾಂಪರುಗಳನ್ನೇ ಉಳಿಸಿಕೊಂಡು, ಕೆಂಪು ಹೊಲಿಗೆಯ ಸೀಟು, ಕಪ್ಪು ಕನ್ನಡಿ, ಎರಡು ಸೈಲೆನ್ಸರ್ ತುದಿಗಳನ್ನು ಅಂಟಿಸಿಕೊಂಡು ‘ಸ್ಪೋರ್ಟ್’ ಎಂಬ ಪದವನ್ನು ಹಿಂಬದಿಯಲ್ಲಿ ಹೊತ್ತಂಥವು. ಅಂಥ ಒಂದನ್ನು ಅರ್ಧ ದಿನ ಓಡಿಸಿದೆ. ಅದರಲ್ಲಿ ಹೆಚ್ಚಾಗಿದ್ದದ್ದು ರಿಮ್ಮಿನ ಅಳತೆ ಮಾತ್ರ, ಅದರಿಂದ ಸವಾರಿ ಕೆಟ್ಟಿತ್ತು, ತಿರುವಿನಲ್ಲಿ ಸಿಕ್ಕಿದ್ದು ಶೂನ್ಯ. ಇವುಗಳ ಹೆಚ್ಚುವರಿ ಬೆಲೆ ನಿಜವಾದ ಚುರುಕು ಕಾರುಗಳದ್ದಕ್ಕಿಂತ ಕಡಿಮೆ ಇರುವುದರಿಂದ ಅಗ್ಗವೆನಿಸುತ್ತವೆ; ನನ್ನ ಲೆಕ್ಕದಲ್ಲಿ ಇಡೀ ವರ್ಗದಲ್ಲಿ ಅತ್ಯಂತ ದುಬಾರಿ ಇವೇ.

ಖರೀದಿಯ ಬೆಲೆಯ ಜೊತೆಗೆ ಇಟ್ಟುಕೊಳ್ಳುವ ಬೆಲೆಯನ್ನೂ ಕೂಡಿಸಬೇಕು. ವಿಮೆ ಹೆಚ್ಚು, ಹದಿನೆಂಟು ಇಂಚಿನ ಮೃದು ರಬ್ಬರಿನ ಟಯರುಗಳು ಬೇಗ ಸವೆಯುತ್ತವೆ ಮತ್ತು ಜೋಡಿಯಾಗಿಯೇ ಬದಲಿಸಬೇಕಾಗುತ್ತದೆ. ಇಂಧನದಲ್ಲಿ ನನಗೆ ಅಚ್ಚರಿ ತಂದದ್ದು ಸ್ವಿಫ್ಟ್ ಸ್ಪೋರ್ಟ್. ತಾಳ್ಮೆಯಿಂದ ಓಡಿಸಿದ ದಿನಗಳಲ್ಲಿ ಅದು ನನ್ನ ಸಾಧಾರಣ ಕಾರಿಗಿಂತ ಸ್ವಲ್ಪವೇ ಹೆಚ್ಚು ಕುಡಿಯಿತು, ಇದೂ ಹಗುರ ಮೈಯ ಫಲ. ಐ20 ಎನ್‌ನಲ್ಲಿ ತಾಳ್ಮೆಯಿಂದ ಓಡಿಸಿದ ದಿನವೇ ಇರಲಿಲ್ಲವಾದ್ದರಿಂದ ಅದರ ಲೆಕ್ಕವನ್ನು ನಾನು ಕೊಟ್ಟರೆ ಅನ್ಯಾಯವಾದೀತು.

ಹಾಗಾದರೆ ಯಾವುದಕ್ಕೆ ಹಣ ಕೊಡಬಹುದು? ಮನೆಗೆ ಒಂದೇ ಕಾರು, ಹಿಂದಿನ ಸೀಟಿನಲ್ಲಿ ಹಿರಿಯರು, ಕ್ಲಚ್ ತುಳಿಯುವ ಮನಸ್ಸಿಲ್ಲ ಎಂಬುವರು ಪೋಲೊ ಜಿಟಿಐ ಕೊಂಡರೆ ಮೋಸಹೋಗುವುದಿಲ್ಲ. ಆದರೆ ಅವರು ಹಣ ಕೊಡುತ್ತಿರುವುದು ಬಹುಪಾಲು ಸೌಖ್ಯಕ್ಕೆ, ಸ್ವಲ್ಪವೇ ತಿರುವಿಗೆ ಎಂಬುದು ತಿಳಿದಿರಲಿ. ಏರುರಸ್ತೆ ಮನೆಯ ಹತ್ತಿರವಿದ್ದು, ವಾರಕ್ಕೊಮ್ಮೆ ಬೆಳಗಿನ ಜಾವ ಎದ್ದು ಹೋಗುವ ಹುಚ್ಚಿದ್ದರೆ ಐ20 ಎನ್‌ಗೆ ಸಾಟಿ ಈ ಮೂರರಲ್ಲಿಲ್ಲ. ಊರ ಸಂಚಾರದಲ್ಲಿಯೇ ಬದುಕು ಕಳೆಯುವವರಿಗೆ ಅದು ದಿನಾ ತೆರುವ ದಂಡ. ನನ್ನಂತೆ ದಿನವಿಡೀ ಸಾಧಾರಣ ಕೆಲಸ, ನಡುವೆ ಸಿಗುವ ಹತ್ತು ನಿಮಿಷದ ಖಾಲಿ ರಸ್ತೆ ಎಂಬ ಬದುಕಿಗೆ ಸ್ವಿಫ್ಟ್ ಸ್ಪೋರ್ಟ್ ಕೇಳುವ ಹೆಚ್ಚುವರಿ ಹಣ ನ್ಯಾಯವಾದದ್ದು, ಏಕೆಂದರೆ ಆ ಹತ್ತು ನಿಮಿಷದಲ್ಲಿಯೇ ಅದು ತನ್ನಲ್ಲಿರುವುದನ್ನೆಲ್ಲ ಕೊಟ್ಟು ಮುಗಿಸುತ್ತದೆ.

ಬಳಸಿದ ಹಳೆಯ ಸ್ವಿಫ್ಟ್ ಸ್ಪೋರ್ಟ್ ಒಂದನ್ನೇ ಹುಡುಕುತ್ತಿದ್ದೇನೆ. ಅದರಲ್ಲಿಯೂ ಒಂದು ಎಚ್ಚರ ಬೇಕು: 2020ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದ 48 ವೋಲ್ಟಿನ ಹೈಬ್ರಿಡ್ ಆವೃತ್ತಿಯಲ್ಲಿ ಶಕ್ತಿ 129 ಪಿಎಸ್‌ಗೆ ಇಳಿದು, ತೂಕ ಒಂದು ಟನ್ನನ್ನು ದಾಟಿದೆ. ಹೆಸರು ಒಂದೇ, ಹೊರನೋಟವೂ ಬಹುತೇಕ ಒಂದೇ. ಹಾಗಾಗಿ ತಯಾರಾದ ವರ್ಷವನ್ನು ಮೊದಲು ನೋಡಿ, ಬಳಿಕ ಬಗ್ಗಿ ನಾಲ್ಕು ರಿಮ್ಮುಗಳ ಒಳಅಂಚಿನ ಮೇಲೆ ಬೆರಳಾಡಿಸಿ, ಆಮೇಲಷ್ಟೇ ಬೆಲೆಯ ಮಾತಿಗೆ ಇಳಿಯುತ್ತಿದ್ದೇನೆ.