ಮಂತ್ರದಂಡವೋ, ಮಾಯಾಬಂದೂಕೋ: ಮೂರು ರೋಗ್‌ಲೈಕ್ ಶೂಟರ್‌ಗಳ ಹೋಲಿಕೆ

ಸತ್ತರೆ ಮೊದಲಿನಿಂದ ಆರಂಭಿಸಬೇಕಾದ, ಪ್ರತಿ ಸಲವೂ ಕೋಣೆಗಳ ಜೋಡಣೆಯೂ ಕೈಗೆ ಸಿಗುವ ಆಯುಧಗಳೂ ಬದಲಾಗುವ ‘ರೋಗ್‌ಲೈಕ್’ ಶೂಟರ್‌ಗಳನ್ನು, ಅಂದರೆ ಗುಂಡು ಹಾರಿಸುವ ವಿಡಿಯೊ ಆಟಗಳನ್ನು, ಹೋಲಿಸುವಾಗ ಸಾಮಾನ್ಯವಾಗಿ ಆಯುಧಗಳೆಷ್ಟು, ಶತ್ರುಗಳೆಷ್ಟು ಬಗೆ, ಗ್ರಾಫಿಕ್ಸ್ ಹೇಗಿದೆ ಎಂಬುದನ್ನೇ ನೋಡಲಾಗುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ: ಸೋತಾಗ ಆ ಸೋಲು ಯಾರ ಲೆಕ್ಕಕ್ಕೆ ಹೋಗುತ್ತದೆ? ಆಡುವವನ ಕೈಚಳಕಕ್ಕೋ, ಅವನಿಗೆ ಸಿಕ್ಕ ಆಯುಧಕ್ಕೋ, ಅಥವಾ ಅವನು ಇನ್ನೂ ಸಾಕಷ್ಟು ಹೊತ್ತು ಆಡಿಲ್ಲ ಎಂಬ ಸಂಗತಿಗೋ? ಮಾಂತ್ರಿಕ ಆಯುಧಗಳಿರುವ ‘ಜಿಗ್ಗುರಾಟ್’, ‘ಗನ್‌ಫೈರ್ ರಿಬಾರ್ನ್’, ‘ವಿಚ್‌ಫೈರ್’ ಎಂಬ ಮೂರು ಆಟಗಳನ್ನು ಸಾಕಷ್ಟು ಕಾಲ ಆಡಿದ ಮೇಲೆ, ಇವುಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿಯೇ ಇದೆ ಎಂದು ನನಗನ್ನಿಸಿದೆ.

ಸ್ಪೇನಿನ ಮಿಲ್ಕ್‌ಸ್ಟೋನ್ ಸ್ಟುಡಿಯೋಸ್ 2014ರಲ್ಲಿ ಬಿಡುಗಡೆ ಮಾಡಿದ ಜಿಗ್ಗುರಾಟ್, 1994ರ ‘ಹೆರೆಟಿಕ್’ ಮತ್ತು 1995ರ ‘ಹೆಕ್ಸೆನ್’ ಆಟಗಳ ವಂಶಕ್ಕೆ ಸೇರಿದ್ದು. ಬಂದೂಕಿನ ಬದಲು ಮಂತ್ರದಂಡ, ಓಡುತ್ತಲೇ ಪಕ್ಕಕ್ಕೆ ಸರಿದು ಬಾಣ-ಬೆಂಕಿಗಳಿಂದ ತಪ್ಪಿಸಿಕೊಳ್ಳುವ ವೇಗ, ಒಳಗೆ ಕಾಲಿಟ್ಟೊಡನೆ ಬಾಗಿಲು ಮುಚ್ಚಿಕೊಂಡು ಶತ್ರುಗಳೆಲ್ಲ ಸಾಯುವವರೆಗೂ ತೆರೆಯದ ಕೋಣೆಗಳು, ಇವಿಷ್ಟು ಅದರ ಬಂಡವಾಳ. ಆಟಗಾರ ಮಂತ್ರವಿದ್ಯೆಯ ಅಭ್ಯರ್ಥಿಯಾಗಿ ಪರೀಕ್ಷೆಗೆಂದು ಗೋಪುರದೊಳಗೆ ಇಳಿದಿರುತ್ತಾನೆ. ಪ್ರತಿ ಅಂತಸ್ತಿನಲ್ಲಿಯೂ ಕೀಲಿಯನ್ನು ಹುಡುಕಿ, ಅಲ್ಲಿಯ ಮುಖ್ಯ ಶತ್ರುವಾದ ಬಾಸ್‌ನನ್ನು ಸೋಲಿಸಿ, ಮುಂದಿನ ಅಂತಸ್ತಿಗೆ ಹೋಗಬೇಕು. ಕಥೆ ಇಷ್ಟೇ, ಇದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇಲ್ಲ.

ಆಟದ ಸತ್ವವಿರುವುದು ಮಾನಾ ಎಂಬ ಶಕ್ತಿಯ ಹಂಚಿಕೆಯಲ್ಲಿ. ಆರಂಭದಿಂದಲೇ ಜೊತೆಗಿರುವ ಮಂತ್ರದಂಡದ ಮಾನಾ ತಾನಾಗಿಯೇ ತುಂಬಿಕೊಳ್ಳುತ್ತದೆ, ಆದರೆ ಅದರ ಪೆಟ್ಟು ಸಾಧಾರಣ. ಮಂತ್ರಗಳು, ದೊಡ್ಡ ದಂಡಗಳು, ರಸವಿದ್ಯೆಯ ಆಯುಧಗಳು ಎಂಬ ಉಳಿದ ಮೂರು ವರ್ಗಗಳಿಗೆ ಪ್ರತ್ಯೇಕ ಮಾನಾ ಇದ್ದು, ಅದನ್ನು ನೆಲದಿಂದ ಹೆಕ್ಕಿಕೊಳ್ಳಬೇಕು. ಇದರ ಜೊತೆಗೆ ಸತ್ತ ಶತ್ರುಗಳಿಂದ ಉದುರುವ ಜ್ಞಾನದ ಹರಳುಗಳನ್ನು ಅವು ಮಾಯವಾಗುವ ಮೊದಲೇ ಆರಿಸಿಕೊಂಡರೆ ಮಾತ್ರ ಲೆವೆಲ್ ಏರುತ್ತದೆ. ಹೀಗಾಗಿ ದೂರ ನಿಂತು ಸುರಕ್ಷಿತವಾಗಿ ಹೊಡೆಯುವವನಿಗೆ ಬಲವೂ ಬೆಳೆಯುವುದಿಲ್ಲ, ಮಾನಾವೂ ಉಳಿಯುವುದಿಲ್ಲ. ಶತ್ರುಗಳ ಮಧ್ಯಕ್ಕೇ ನುಗ್ಗಬೇಕು. ಹಲ್ಲು ಕಿರಿಯುತ್ತ ಗುಂಪುಗುಂಪಾಗಿ ಓಡಿಬರುವ ಕ್ಯಾರೆಟ್‌ಗಳಿಗೆ (ಹೌದು, ಗಜ್ಜರಿಗಳೇ) ರಸವಿದ್ಯೆಯ ಸ್ಫೋಟಕವನ್ನು ಖರ್ಚು ಮಾಡಬೇಕೋ, ಅಥವಾ ಅದನ್ನು ಬಾಸ್‌ಗೆಂದು ಉಳಿಸಿಕೊಂಡು ಸಣ್ಣ ದಂಡದಲ್ಲಿಯೇ ಹಿಂದೆ ಹಿಂದೆ ಸರಿಯುತ್ತ ನಿಭಾಯಿಸಬೇಕೋ ಎಂಬ ನಿರ್ಧಾರ ಅರೆಕ್ಷಣದಲ್ಲಿ ಆಗಬೇಕು. ಲೆವೆಲ್ ಏರಿದಾಗ ಆಟವು ಮುಂದಿಡುವ, ಹೊಸ ಸಾಮರ್ಥ್ಯ ಕೊಡುವ ಕಾರ್ಡ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳುವುದೂ ಇಂಥದೇ ಇಕ್ಕಟ್ಟು, ಏಕೆಂದರೆ ಬಿಟ್ಟುಕೊಟ್ಟ ಕಾರ್ಡ್ ಮತ್ತೆ ಬರುತ್ತದೆಂಬ ಭರವಸೆಯಿಲ್ಲ.

ಸತ್ತ ಮೇಲೆ ಈ ಆಟ ಹೊಸ ಆಯುಧಗಳನ್ನೂ ಕಾರ್ಡ್‌ಗಳನ್ನೂ ಪಾತ್ರಗಳನ್ನೂ ಹಂತಹಂತವಾಗಿ ತೆರೆದು ಕೊಡುತ್ತದೆಯೇ ಹೊರತು, ಮುಂದಿನ ರನ್‌ಗೆ (ಮೊದಲಿನಿಂದ ಆರಂಭಿಸುವ ಹೊಸ ಸುತ್ತಿಗೆ) ಹೆಚ್ಚುವರಿ ಜೀವವನ್ನಾಗಲಿ ಪೆಟ್ಟಿನ ಬಲವನ್ನಾಗಲಿ ಕೊಡುವುದಿಲ್ಲ. ಆದ್ದರಿಂದಲೇ ಇಲ್ಲಿಯ ಸೋಲು ನನಗೆ ಒಪ್ಪಿಗೆಯಾಗುತ್ತದೆ. ಇದರ ಕೊರತೆ ಬೇರೆ ಕಡೆ ಇದೆ: ಕೆಲವು ಗಂಟೆಗಳಲ್ಲಿಯೇ ಕೋಣೆಗಳ ವಿನ್ಯಾಸ ಕಣ್ಣಿಗೆ ಪರಿಚಿತವಾಗಿಬಿಡುತ್ತದೆ, ಲಾವಾದ ಮೇಲೆ ಜಿಗಿಯುತ್ತ ದಾಟಬೇಕಾದ ಕೋಣೆಗಳಂತೂ ಯುದ್ಧದ ಲಯವನ್ನು ಅನಗತ್ಯವಾಗಿ ಮುರಿಯುತ್ತವೆ.

ಚೀನಾದ ಡುವೊಯಿ ಗೇಮ್ಸ್‌ನ ಗನ್‌ಫೈರ್ ರಿಬಾರ್ನ್ 2020ರಲ್ಲಿ ಅರ್ಲಿ ಆಕ್ಸೆಸ್‌ಗೆ (ಪೂರ್ಣಗೊಳ್ಳುವ ಮೊದಲೇ ಮಾರಾಟಕ್ಕೆ) ಬಂದು 2021ರ ನವೆಂಬರಿನಲ್ಲಿ ಪೂರ್ಣರೂಪ ಪಡೆಯಿತು. ಬೆಕ್ಕಿನ ಮುಖದ ರಾಜಕುಮಾರ, ನಾಯಿ, ಹಕ್ಕಿ, ಹುಲಿ ಮೊದಲಾದ ಪ್ರಾಣಿವೀರರಲ್ಲಿ ಒಬ್ಬರನ್ನು ಆರಿಸಿಕೊಂಡು, ಭೂಗತ ಸಮಾಧಿಯಿಂದ ಮರುಭೂಮಿಗೆ, ಅಲ್ಲಿಂದ ಕಡಲಕೊಲ್ಲಿಗೆ ಸಾಗುವ ಈ ಆಟದಲ್ಲಿ ಬಂದೂಕುಗಳಿಗೇ ಮಾಯಾಶಕ್ತಿ ಅಂಟಿಕೊಂಡಿರುತ್ತದೆ. ಬೆಂಕಿ ದೇಹಕ್ಕೆ ಹೆಚ್ಚು ನಾಟುತ್ತದೆ, ಸಿಡಿಲು ಶೀಲ್ಡ್ ಅನ್ನು (ಶತ್ರುವಿನ ಮೇಲಿನ ಶಕ್ತಿಯ ಹೊದಿಕೆಯನ್ನು) ಒಡೆಯುತ್ತದೆ, ಕೊರೆತದ ವಿಷ ಕವಚವನ್ನು ತಿನ್ನುತ್ತದೆ. ಇವುಗಳಲ್ಲಿ ಎರಡು ಒಂದೇ ಶತ್ರುವಿನ ಮೇಲೆ ಸೇರಿದರೆ ಮೂರನೆಯ ಪರಿಣಾಮ ಹುಟ್ಟುತ್ತದೆ: ಬೆಂಕಿಯೂ ವಿಷವೂ ಕೂಡಿದರೆ ಸ್ಫೋಟ, ಬೆಂಕಿಯೂ ಸಿಡಿಲೂ ಕೂಡಿದರೆ ಶತ್ರು ಸ್ವಲ್ಪ ಹೊತ್ತು ತನ್ನವರ ಮೇಲೆಯೇ ತಿರುಗಿ ಬೀಳುತ್ತಾನೆ. ರಾಜಕುಮಾರನು ವಿಷದ ಹೊಗೆಯನ್ನು ಎಸೆದು, ಅದರೊಳಗೆ ಸಿಕ್ಕಿಬಿದ್ದ ಗುಂಪಿನ ಮೇಲೆ ಬೆಂಕಿಯ ಬಂದೂಕನ್ನು ಹರಿಸಿದಾಗ ಒಂದರ ಹಿಂದೊಂದು ಸಿಡಿಯುವ ದೃಶ್ಯ, ಈ ಮೂರೂ ಆಟಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಗಳಿಗೆಗಳಲ್ಲಿ ಒಂದು.

ಆದರೆ ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿಯ ಜಾಣತನ ಬಹುಪಾಲು ಒಂದು ಕಾಳಗಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿಯೇ ಮುಗಿದಿರುತ್ತದೆ. ಹೆಚ್ಚುವರಿ ಶಕ್ತಿ ಕೊಡುವ ಯಾವ ಸ್ಕ್ರೋಲ್ (ಸುರುಳಿ) ಇಟ್ಟುಕೊಳ್ಳಬೇಕು, ಅಂಗಡಿಯವನಿಂದ ಏನು ಕೊಳ್ಳಬೇಕು, ಕೈಯಲ್ಲಿರುವ ಎರಡು ಆಯುಧಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನು ಸರಿಯಾಗಿ ಜೋಡಿಸಿದವನಿಗೆ ಕೊನೆಯ ಹಂತಗಳಲ್ಲಿ ಗುರಿಯಿಡುವ ಶ್ರಮವೂ ಅಷ್ಟಾಗಿ ಇರುವುದಿಲ್ಲ. ಜೋಡಣೆ ಕೂಡಿಬರದಿದ್ದರೆ ಎಷ್ಟು ಚುರುಕಾಗಿ ಆಡಿದರೂ ಬಾಸ್‌ನ ಜೀವದ ಪಟ್ಟಿ ಕರಗುವುದೇ ಇಲ್ಲ. ಅದಲ್ಲದೆ, ಪ್ರತಿ ರನ್‌ನಲ್ಲಿ ಗಳಿಸಿದ ‘ಸೋಲ್ ಎಸೆನ್ಸ್’ (ಆತ್ಮಸಾರ) ಅನ್ನು ಹಣದಂತೆ ಖರ್ಚು ಮಾಡಿ ಶಾಶ್ವತವಾದ ಟ್ಯಾಲೆಂಟ್‌ಗಳನ್ನು (ಬಲವರ್ಧನೆಗಳನ್ನು) ಪಡೆಯುವ ವ್ಯವಸ್ಥೆಯಿರುವುದರಿಂದ, ಆರಂಭದ ಸೋಲುಗಳಲ್ಲಿ ನನ್ನ ಕೈಯ ಪಾಲೆಷ್ಟು, ಇನ್ನೂ ತುಂಬದ ಟ್ಯಾಲೆಂಟ್ ಪಟ್ಟಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಗೆದ್ದಾಗಲೂ ಅದೇ ಅನುಮಾನ ಕಾಡುತ್ತದೆ.

ಈ ಆಕ್ಷೇಪವೆಲ್ಲ ಒಬ್ಬನೇ ಆಡುವಾಗಿನದು. ನಾಲ್ವರವರೆಗೆ ಸೇರಿ ಆಡುವ ಕೋ-ಆಪ್‌ನಲ್ಲಿ ಇದೇ ಆಟ ಬೇರೆಯೇ ಆಗುತ್ತದೆ. ಒಬ್ಬ ಶೀಲ್ಡ್ ಒಡೆಯುವ ಹೊಣೆ ಹೊತ್ತು, ಇನ್ನೊಬ್ಬ ಕವಚ ಕರಗಿಸಿ, ಬಿದ್ದವನನ್ನು ಮೂರನೆಯವನು ಎಬ್ಬಿಸುವಾಗ, ಜೋಡಣೆಯ ಲೆಕ್ಕಾಚಾರ ಜಗಳದ, ಹರಟೆಯ ವಸ್ತುವಾಗುತ್ತದೆ. ಸ್ನೇಹಿತರೊಂದಿಗೆ ರಾತ್ರಿ ಆಡಲು ಯಾವುದು ಒಳ್ಳೆಯದೆಂದು ಕೇಳಿದರೆ ನನ್ನ ಉತ್ತರ ಗನ್‌ಫೈರ್ ರಿಬಾರ್ನ್. ಜಿಗ್ಗುರಾಟ್ ಒಬ್ಬಂಟಿಯ ಆಟವಾದ್ದರಿಂದ ಇಲ್ಲಿ ಪೈಪೋಟಿಯೇ ಇಲ್ಲ.

ಪೋಲೆಂಡಿನ ದಿ ಆಸ್ಟ್ರೋನಾಟ್ಸ್ ತಂಡದ ವಿಚ್‌ಫೈರ್ 2023ರಲ್ಲಿ ಅರ್ಲಿ ಆಕ್ಸೆಸ್ ಆರಂಭಿಸಿದ್ದು, ನೋಡಲು ಮೂರರಲ್ಲಿ ಅತ್ಯಂತ ಸುಂದರ, ಕಂಪ್ಯೂಟರಿಗೆ ಅತ್ಯಂತ ಭಾರ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಇದನ್ನು ಸದ್ಯಕ್ಕೆ ಮರೆಯುವುದೇ ಮೇಲು. ಬಂದೂಕುಗಳ ಪೆಟ್ಟು, ಸದ್ದು, ಮಂತ್ರಗಳ ಮಿಂಚು ಎಲ್ಲವೂ ಅಚ್ಚುಕಟ್ಟಾಗಿವೆ, ಆದರೆ ಇದನ್ನು ಉಳಿದೆರಡರ ಸಾಲಿನಲ್ಲಿ ಪೂರ್ತಿಯಾಗಿ ಕೂರಿಸಲಾಗದು. ಭೂಪ್ರದೇಶ ಸ್ಥಿರವಾಗಿದ್ದು ಶತ್ರುಗಳೂ ನಿಧಿಗಳೂ ಮಾತ್ರ ಸ್ಥಾನ ಬದಲಿಸುತ್ತವೆ. ಓಡಿ ತಪ್ಪಿಸಿಕೊಳ್ಳಲು ಸ್ಟ್ಯಾಮಿನಾದ ಮಿತಿಯಿರುವುದರಿಂದ ವೇಗವೂ ಕಡಿಮೆ. ಆಟದೊಳಗೆ ಸಂಗ್ರಹಿಸಿದ, ಆಟದ ಹೆಸರಿನದೇ ಆದ ವಿಚ್‌ಫೈರ್ ಎಂಬ ಶಕ್ತಿಯನ್ನು ಹೊತ್ತು ಪೋರ್ಟಲ್ (ಮಾಯಾದ್ವಾರ) ಮೂಲಕ ಹೊರಬಿದ್ದರಷ್ಟೇ ಲಾಭ. ಸತ್ತರೆ ಅದು ಬಿದ್ದಲ್ಲೇ ಉಳಿಯುತ್ತದೆ, ಮತ್ತೆ ಹೋಗಿ ತರಬೇಕು. ಇಲ್ಲಿ ಸೋಲಿಗೆ ಕಾರಣ ಹೆಚ್ಚಾಗಿ ದುರಾಸೆ. ‘ಇನ್ನೊಂದು ಗುಂಪನ್ನು ಮುಗಿಸಿ ಹೊರಡೋಣ’ ಎಂದು ನಿಂತಲ್ಲಿಯೇ ನಾನು ಪದೇ ಪದೇ ಸತ್ತಿದ್ದೇನೆ, ಅದಕ್ಕಾಗಿ ಆಟವನ್ನು ದೂರಲು ನನಗೆ ಯಾವ ಆಧಾರವೂ ಸಿಕ್ಕಿಲ್ಲ.

ಒಂದೇ ಆಟಕ್ಕೆ ಹಣವಿದ್ದು, ಒಬ್ಬರೇ ಆಡುವವರಾದರೆ ನಾನು ಜಿಗ್ಗುರಾಟನ್ನೇ ಸೂಚಿಸುತ್ತೇನೆ. ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಅದು ತೊಡಕಿಲ್ಲದೆ ನಡೆದಿದೆ. ಅದರ ಮುಂದಿನ ಭಾಗವಾದ 2021ರ ‘ಜಿಗ್ಗುರಾಟ್ 2’ ಚಿಕ್ಕ ಚಿಕ್ಕ ಮಿಷನ್‌ಗಳನ್ನೂ ಶಾಶ್ವತ ಬಲವರ್ಧನೆಯನ್ನೂ ಸೇರಿಸಿಕೊಂಡು ಗನ್‌ಫೈರ್‌ನ ದಾರಿಗೆ ಹತ್ತಿರ ಸರಿದಿದೆ. ಬಹಳ ಮಂದಿಗೆ ಅದೇ ಹಿತವೆನಿಸಬಹುದು. ನಾನಂತೂ ಕೊಳ್ಳುವವರಿಗೆ ಮೊದಲನೆಯದನ್ನೇ ಕೊಳ್ಳಿ ಎನ್ನುತ್ತೇನೆ.