ಲ್ಯಾಮಿಂಗ್ಟನ್ ರೋಡಿನ ಬೋರ್ಡಿಲ್ಲದ ಅಂಗಡಿ ಮತ್ತು ನನ್ನ ಕಂಪ್ಯೂಟರಿನ ಬಾಗಿದ ಪಿನ್ನು

ಈ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬೋರ್ಡ್ ಇಲ್ಲ. ಹೆಸರು ಬರೆಯಬೇಡಿ ಅಂತ ಮಾಲೀಕರೇ ಕೇಳಿಕೊಂಡಿದ್ದಾರೆ. "ಇದ್ದ ಕೆಲಸನ ಮುಗಿವಲ್ದು ಅಕ್ಕಾರ, ಇನ್ನ ಮಂದಿ ಬಂದ್ರ ಎಲ್ಲಿ ಕುಂದರಸ್ಲಿ?" ಅಂದರು. ಸುಳ್ಳಲ್ಲ. ಅಲ್ಲಿರುವುದು ಒಂದೇ ಸ್ಟೂಲ್, ನಾನು ಹೋದಾಗ ಅದರ ಮೇಲೂ ಯಾರದ್ದೋ ಪ್ರಿಂಟರ್ ಕೂತಿತ್ತು. ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್‌ನಿಂದ ಪೂರ್ವಕ್ಕೆ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಬಂದರೆ, ಒಂದು ಹಳೆಯ ಕಟ್ಟಡದ ಎರಡನೇ ಮಹಡಿ. ಮರದ ಮೆಟ್ಟಿಲು, ಲಿಫ್ಟ್ ಇಲ್ಲ. ಗುರುತಿನವರು ಕೇಳಿದರೆ ದಾರಿ ಹೇಳುತ್ತೇನೆ, ಇಲ್ಲಿ ಇಷ್ಟು ಸಾಕು.

ನನ್ನ ಕಂಪ್ಯೂಟರ್ ಕಥೆ ಹೇಳದೆ ಅವರ ಕೆಲಸ ಎಂಥದ್ದು ಅಂತ ಗೊತ್ತಾಗುವುದಿಲ್ಲ. ನಾನು ಕುಮಟಾದವಳು, ಡೊಂಬಿವಲಿಗೆ ಬಂದು 26 ವರ್ಷ ಆಯಿತು. ನಮ್ಮ ಮಹಿಳಾ ಮಂಡಳದ ಭಜನೆ, ತಾಳಮದ್ದಳೆ, ಹಳದಿ ಕುಂಕುಮ, ಎಲ್ಲದರ ವಿಡಿಯೋ ಎಡಿಟ್ ಮಾಡುವ ಕೆಲಸ ಹೇಗೋ ನನ್ನ ತಲೆಗೇ ಬಂದಿದೆ. ನಲವತ್ತು ನಿಮಿಷದ ಭಜನೆ ಶಾಟ್‌ಕಟ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಎಕ್ಸ್‌ಪೋರ್ಟ್ ಆಗಲು ಎರಡು ಗಂಟೆ ಹತ್ತಿರ ಹತ್ತಿರ. ಅಷ್ಟರಲ್ಲಿ ಅನ್ನ, ಸಾರು, ಪಲ್ಯ ಎಲ್ಲ ಮುಗಿದು ಪಾತ್ರೆಯೂ ತೊಳೆದಾಗಿರುತ್ತಿತ್ತು.

ಮಷೀನ್ ಎರಡು ವರ್ಷದ ಹಿಂದೆ 8,500 ರೂಪಾಯಿಗೆ ತಗೊಂಡ ರಿಫರ್ಬಿಶ್ಡ್. ಯಾವುದೋ ಆಫೀಸಿನಿಂದ ಹೊರಬಿದ್ದ ಕರಿ ಟವರ್. ಹೊರಗಿನ ಸ್ಟಿಕರ್ ಐ3 ಅನ್ನುತ್ತಿತ್ತು, ಒಳಗೆ ಅದಕ್ಕಿಂತ ಮೇಲಿನ, ನಾಲ್ಕನೇ ಜನರೇಷನ್‌ನ ಐ5 ಪ್ರೊಸೆಸರ್ ಇತ್ತು. ಮಾರಿದವನು "ಬೋನಸ್ ಸಮಜೋ ಭಾಭೀ" ಅಂದಿದ್ದ. ನಾನೂ ಖುಷಿಪಟ್ಟಿದ್ದೆ. ಈ ಬೋನಸ್ಸನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎಕ್ಸ್‌ಪೋರ್ಟ್ ಬೇಗ ಆಗಲಿ ಅಂತ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಲು ಹೊರಟೆ. ಕಾರ್ಡ್ ಆರಿಸುವಾಗ ಅರ್ಧ ಮೋಸ ಹೋಗುತ್ತಿದ್ದೆ. ಒಂದು ಅಂಗಡಿಯಲ್ಲಿ ಜಿಟಿ 1030 ತೋರಿಸಿದರು, ಚಿಕ್ಕದು, ಬರೀ 30 ವ್ಯಾಟ್ ಸಾಕು. ಆದರೆ ಅದರಲ್ಲಿ ವಿಡಿಯೋ ಎನ್‌ಕೋಡರೇ, ಅಂದರೆ ಎಡಿಟ್ ಆದದ್ದನ್ನು ವಿಡಿಯೋ ಫೈಲ್ ಮಾಡಿಕೊಡುವ ಭಾಗವೇ, ಇಲ್ಲ. ನನ್ನಂಥವರಿಗೆ ಅದು ಒಲೆಯಿಲ್ಲದ ಅಡುಗೆಮನೆ. ಕೊನೆಗೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ತಗೊಂಡೆ, 4 ಜಿಬಿಯದ್ದು, 4,800 ರೂಪಾಯಿ. 2016ರ ಕಾರ್ಡ್. ಈ ಮಾದರಿಯ ಹೆಚ್ಚಿನ ಕಾರ್ಡುಗಳಿಗೆ ಬೇರೆ ಪವರ್ ವೈರ್ ಬೇಡ. ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ನಡೆಯುತ್ತದೆ. ನನ್ನ ಮಷೀನಿನ ಎಸ್‌ಎಂಪಿಎಸ್, ಅಂದರೆ ಒಳಗೆ ಕರೆಂಟ್ ಕೊಡುವ ಡಬ್ಬಿ, 290 ವ್ಯಾಟ್, ಕಾರ್ಡಿಗೆ ಕೊಡಲು ಅದರಲ್ಲಿ ಬೇರೆ ವೈರೂ ಇಲ್ಲ. ಹಾಗಾಗಿ ಇದೇ ಸರಿ.

ಮನೆಗೆ ತಂದು ಹಾಕಿದೆ. ಫ್ಯಾನ್ ತಿರುಗಿತು. ಮಾನಿಟರ್ ಕಪ್ಪು. ಕೇಬಲ್ಲನ್ನು ಹಿಂದಿನ ಹಳೆಯ ಪೋರ್ಟಿಗೆ ಹಾಕಿದರೆ ವಿಂಡೋಸ್ ಆರಾಮಾಗಿ ಬರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್, ಇಂಟೆಲ್ ಎಚ್‌ಡಿ 4600 ಒಂದೇ, ಪಕ್ಕದಲ್ಲಿ ಇನ್ನೊಂದು ಹೆಸರಿಲ್ಲ. ಹಳದಿ ತ್ರಿಕೋನವಾದರೂ ಇದ್ದಿದ್ದರೆ ಡ್ರೈವರ್ ತೊಂದರೆ ಅನ್ನಬಹುದಿತ್ತು. ಅದೂ ಇಲ್ಲ. ಕಾರ್ಡೇ ಇಲ್ಲವೆಂಬಂತೆ ಮಷೀನ್ ಆರಾಮಾಗಿತ್ತು.

ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಕಾರ್ಡ್ ತೆಗೆದು ಮತ್ತೆ ಕೂರಿಸಿದೆ. ಬಂಗಾರದ ಬಣ್ಣದ ಅಂಚನ್ನು ಮಗಳ ರಬ್ಬರಿನಿಂದ ಉಜ್ಜಿದೆ. ಇಲ್ಲಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ಒದ್ದೆಯಾಗುತ್ತದೆ, ತಾಮ್ರ ಹಿತ್ತಾಳೆ ಬಿಡಿ. ವಿಂಡೋಸ್ ಬರುವ ಮುಂಚಿನ ಸೆಟ್ಟಿಂಗ್, ಬಯಾಸ್‌ಗೆ ಹೋಗಿ ಪ್ರೈಮರಿ ಡಿಸ್‌ಪ್ಲೇಯನ್ನು ಆಟೋದಿಂದ ತೆಗೆದು ಕಾರ್ಡಿಗೆ ಬದಲಿಸಿದೆ. ಮಾರನೆಯ ದಿನ ನೋಡಿದರೆ ಮತ್ತೆ ಆಟೋ! ಇದು ಯಾಕೆ ಅಂತ ಆಗ ಯೋಚಿಸಲಿಲ್ಲ.

ನಮ್ಮ ಏರಿಯಾದ ರಿಪೇರಿಯವರೊಬ್ಬರು ಮನೆಗೆ ಬಂದರು. ಐದು ನಿಮಿಷ ನೋಡಿ "ಕಾರ್ಡ್ ಗಯಾ" ಅಂದರು. ಬಾಗಿಲ ತನಕ ಹೋದವರು ತಿರುಗಿ, ಇಲ್ಲದಿದ್ದರೆ ಎಸ್‌ಎಂಪಿಎಸ್ ಸಾಲದು, 450 ವ್ಯಾಟ್‌ನದು ಹಾಕಿ ಅಂದರು. ನನ್ನ ಮದರ್‌ಬೋರ್ಡಿಗೆ ಇರುವುದು ಕಂಪನಿಯದೇ ಎಂಟು ಪಿನ್ನಿನ ಪ್ಲಗ್. ಪೇಟೆಯಲ್ಲಿ ಸಿಗುವ ಎಸ್‌ಎಂಪಿಎಸ್‌ನ 24 ಪಿನ್ ಅದಕ್ಕೆ ಹಾಗೇ ಕೂರುವುದೇ ಇಲ್ಲ. ಅದನ್ನು ಅವರು ಬಗ್ಗಿ ನೋಡಲೂ ಇಲ್ಲ. ಇನ್ನೂರು ರೂಪಾಯಿ ಕೊಟ್ಟು ಕಳಿಸಿದೆ.

ಕಾರ್ಡನ್ನು ಚೀಲದಲ್ಲಿ ಹಾಕಿಕೊಂಡು ಮಾರಿದವರ ಹತ್ತಿರ ಹೋದೆ. ಜಗಳಕ್ಕೇ ಸಿದ್ಧಳಾಗಿ ಹೋಗಿದ್ದೆ. ಅವರು ಮಾತಾಡದೆ ತಮ್ಮ ಮಷೀನಿಗೆ ಸಿಕ್ಕಿಸಿದರು. ತಕ್ಷಣ ಬಂತು. ನನಗೆ ಮುಖ ಎಲ್ಲಿಡುವುದು ಗೊತ್ತಾಗಲಿಲ್ಲ. "ಡಬ್ಬಾ ಲೇಕೆ ಊಪರ್ ಜಾವೋ, ವೋ ಕರ್ನಾಟಕ್‌ವಾಲಾ ದೇಖೇಗಾ" ಅಂದರು. ಹಾಗೆ ಸಿಕ್ಕಿದ್ದು ಈ ಬೋರ್ಡಿಲ್ಲದ ಅಂಗಡಿ.

ಎರಡು ದಿನ ಬಿಟ್ಟು ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ ಲೋಕಲ್‌ನ ಲಗೇಜ್ ಡಬ್ಬಿಗೆ ಹತ್ತಿದೆ. ಹನ್ನೊಂದು ಗಂಟೆಯ ಹೊತ್ತು, ಸ್ವಲ್ಪ ಜಾಗ ಇತ್ತು. ಮೀನು ಬುಟ್ಟಿಯ ಮಾವಶಿಯೊಬ್ಬರು "ಮಶೀನ್ ಆಹೇ ಕಾ? ಪಾಣೀ ಲಾಗೇಲ" ಅಂತ, ನೀರು ತಾಗದ ಹಾಗೆ ತಮ್ಮ ಬುಟ್ಟಿಯನ್ನೇ ಆಚೆ ಸರಿಸಿದರು. ದಾದರ್‌ನಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಲು ಸೇತುವೆ ಹತ್ತುವಾಗ ಮಾತ್ರ ಕೂಲಿಯವನನ್ನು ಹಿಡಿದೆ. ಅದರಲ್ಲಿ ಜಿಪುಣತನ ಬೇಡ.

ಮಾಲೀಕರು ಅಥಣಿ ಕಡೆಯವರು. ನಾನು ಮೆಟ್ಟಿಲ ಮೇಲೆ ಗಂಡನಿಗೆ ಫೋನಿನಲ್ಲಿ ಬೈಯುತ್ತಿದ್ದುದು ಕೇಳಿ "ಕನ್ನಡದವ್ರೇನ್ರಿ?" ಅಂತ ಒಳಗಿನಿಂದಲೇ ಕೂಗಿದರು. ಫ್ಯಾನ್ ತಿರುಗುತ್ತದೆ, ಕಾರ್ಡಿಗೆ ಜೀವ ಇದೆ ಅಂತ ನಾನು ಶುರು ಮಾಡಿದರೆ ಅಲ್ಲೇ ತಡೆದರು. "ಫ್ಯಾನ್ ತಿರಗೂದು ಕರೆಂಟ್ ಬಂದೈತಿ ಅಂತ ಅಷ್ಟ ಹೇಳತೈತಿ ಅಕ್ಕಾರ. ಮಾತಾಡಾಕತ್ತೈತೋ ಇಲ್ಲೋ, ಅದು ಬ್ಯಾರೆ."

ಮೊದಲು ಕೇಳಿದ್ದು, ಗಡಿಯಾರ ಸರಿ ತೋರಿಸುತ್ತದೆಯೇ ಅಂತ. ಇಲ್ಲ, ಪ್ಲಗ್ ತೆಗೆದರೆ ತಾರೀಕು ಹಿಂದಕ್ಕೆ ಓಡುತ್ತಿತ್ತು. ಬೋರ್ಡಿನ ಮೇಲಿನ ಬಿಲ್ಲೆ ಸೆಲ್, ಸಿಆರ್ 2032, ಸೋತುಹೋಗಿತ್ತು. 3 ವೋಲ್ಟ್ ಇರಬೇಕಾದಲ್ಲಿ ಮೀಟರ್ 2.4 ತೋರಿಸಿತು. ನಾನು ಬಯಾಸ್‌ನಲ್ಲಿ ಮಾಡಿದ್ದೆಲ್ಲ ರಾತ್ರಿ ಪ್ಲಗ್ ಕಿತ್ತಾಗ ಅಳಿಸಿಹೋಗುತ್ತಿದ್ದುದು ಅದಕ್ಕೇ. ಸೆಲ್ ಬದಲಿಸಿದರು, 40 ರೂಪಾಯಿ. ಕಾರ್ಡ್ ಆಗಲೂ ಬರಲಿಲ್ಲ. ಅವರಿಗೇನೂ ಬೇಜಾರಾದಂತೆ ಕಾಣಲಿಲ್ಲ.

ಮುಂದೆ ಮಾಡಿದ್ದನ್ನು ನೋಡುವುದಕ್ಕಾದರೂ ನೀವು ಅಲ್ಲಿಗೆ ಹೋಗಬೇಕು. ನನ್ನ ಬೋರ್ಡಿನಲ್ಲಿ ಉದ್ದನೆಯ ಸ್ಲಾಟ್ ಎರಡಿವೆ, ಒಂದು ನೀಲಿ, ಒಂದು ಕಪ್ಪು. ನೋಡಲು ಒಂದೇ. ಆದರೆ ನೀಲಿಯದು ನೇರ ಪ್ರೊಸೆಸರಿಗೆ ಹೋಗುತ್ತದೆ, ಹದಿನಾರು ಲೇನ್, ಅಂದರೆ ಡೇಟಾ ಓಡುವ ದಾರಿ. ಕಪ್ಪಿನದು ಬೋರ್ಡಿನ ಮೇಲಿನ ಬೇರೆ ಚಿಪ್, ಚಿಪ್‌ಸೆಟ್ ಮೂಲಕ ಬರುತ್ತದೆ, ಉದ್ದ ಇದ್ದರೂ ಒಳಗೆ ನಾಲ್ಕೇ ಲೇನ್. ಅವರು ಡ್ರಾಯರ್‌ನಿಂದ ಒಂದು ಹಳೆಯ ಜಿಟಿ 710 ಕಾರ್ಡ್ ತೆಗೆದು ನೀಲಿಗೆ ಹಾಕಿದರು. ಬರಲಿಲ್ಲ. ಅದನ್ನೇ ಕಪ್ಪಿಗೆ ಹಾಕಿದರು. ಬಂತು! ನನ್ನ ಕಾರ್ಡನ್ನೇ ಕಪ್ಪಿಗೆ ಹಾಕಿ ಅಂದೆ. "ಬ್ಯಾಡ್ರಿ, ಅಂಥಾ ಸ್ಲಾಟಿಗೆ 25 ವ್ಯಾಟ್ ಲೆಕ್ಕ. ಈ 710 ಕಾರ್ಡ್ 19 ವ್ಯಾಟ್ ತಗೋತೈತಿ, ನಿಮ್ದು 75. ನೋಡಾಕ ಹೋಗಿ ಸುಡೂದು ಯಾಕ?"

ಅಂದರೆ ಕಾರ್ಡ್ ಸರಿ, ವಿಂಡೋಸ್ ಸರಿ, ಚಿಪ್‌ಸೆಟ್ ಸರಿ. ಉಳಿದದ್ದು ನೀಲಿ ಸ್ಲಾಟು, ಇಲ್ಲವೇ ಅದು ಹೋಗಿ ಸೇರುವ ಪ್ರೊಸೆಸರ್. ಸ್ಲಾಟಿಗೆ ಟಾರ್ಚ್ ಬಿಟ್ಟು ನೋಡಿದರು, ಸ್ವಚ್ಛ. "ಹಂಗಾರ ಸಿಪಿಯು ಬಿಚ್ಚೂಣು" ಅಂದರು. ನಾವು ಇಡೀ ಡಬ್ಬಕ್ಕೇ ಸಿಪಿಯು ಅನ್ನುವವರು. ಬಿಚ್ಚಿಯೇ ಇದೆಯಲ್ಲ ಅಂದೆ. ಅವರು ನಕ್ಕು, ಪ್ರೊಸೆಸರನ್ನು ತಣ್ಣಗಿಡುವ ಹೀಟ್‌ಸಿಂಕ್ ಕೆಳಗೆ ಬೆರಳು ತೋರಿಸಿದರು.

ಹೀಟ್‌ಸಿಂಕ್ ಎತ್ತಿದಾಗ ಥರ್ಮಲ್ ಪೇಸ್ಟ್ ಸುತ್ತಲೂ ಚೆಲ್ಲಿತ್ತು, ದೋಸೆಗೆ ಬೆಣ್ಣೆ ಹಚ್ಚಿದಂತೆ. ಯಾರೋ ಅವಸರದಲ್ಲಿ ಪ್ರೊಸೆಸರ್ ಬದಲಿಸಿದ್ದಾರೆ ಅಂತ ಅಲ್ಲೇ ಗೊತ್ತಾಯಿತು. ಐ3 ಹೋಗಿ ಐ5 ಬಂದದ್ದು ಹೀಗೆ. ಈ ಕಾಲದ ಇಂಟೆಲ್‌ನಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲಿರುವುದಿಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿರುತ್ತವೆ, ಒಟ್ಟು 1150. ಅವರು ಕಣ್ಣಿಗೆ ಗಡಿಯಾರ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು, ಟಾರ್ಚನ್ನು ಓರೆಯಾಗಿ ಹಿಡಿದರು. ನನಗೂ ನೋಡಲು ಕೊಟ್ಟರು. ಸಾಲು ಸಾಲಾಗಿ ಹೊಳೆಯುವ ಚುಕ್ಕಿಗಳು, ಎಲ್ಲ ಒಂದೇ ಕಡೆ ಬಾಗಿವೆ. ನಡುವೆ ಒಂದು ಕಡೆ ಮಾತ್ರ ಹೊಳಪಿಲ್ಲ. ನೆಟ್ಟಿ ಮಾಡಿದ ಗದ್ದೆಯಲ್ಲಿ ಒಂದು ಸಸಿ ಪಕ್ಕದ್ದರ ಮೇಲೆ ಒರಗಿಕೊಂಡ ಹಾಗೆ.

ಆ ಒರಗಿದ ಪಿನ್ನನ್ನು ಎತ್ತಿದ್ದು ಯಾವುದರಿಂದ ಗೊತ್ತಾ? ಶಾಲೆ ಮಕ್ಕಳ ಲೆಡ್ ಪೆನ್ಸಿಲ್, ಲೆಡ್ ತೆಗೆದ ಖಾಲಿ 0.5ರದ್ದು. ತುದಿಯ ತೂತನ್ನು ಪಿನ್ನಿನ ತಲೆಗೆ ಟೋಪಿಯಂತೆ ಇಟ್ಟು, ಸ್ವಲ್ಪ ಎತ್ತಿ, ಬಿಟ್ಟು, ಮತ್ತೆ ಟಾರ್ಚ್ ಹಾಕಿ ನೋಡಿ, ಮತ್ತೆ ಕೂದಲೆಳೆಯಷ್ಟು. ನಾಲ್ಕು ಸಲ. ಒಂದು ಸಲ ಜಾಸ್ತಿ ಬಾಗಿದರೆ ಮುರಿದು ಹೋಗುತ್ತದೆ, ಹೋದರೆ ಬೋರ್ಡೇ ಹೋಯಿತು, ಆ ಹೊಣೆ ನನ್ನದೇ, ಅವರದ್ದಲ್ಲ ಅಂತ ಮೊದಲೇ ಒಪ್ಪಿಗೆ ತಗೊಂಡಿದ್ದರು. ಅಷ್ಟು ಹೊತ್ತು ಕೆಳಗಿನ ರಸ್ತೆಯ ಹಾರ್ನ್ ಕೂಡ ನನಗೆ ಕೇಳಲಿಲ್ಲ.

ಪ್ರೊಸೆಸರ್ ಒರೆಸಿ, ಹೊಸ ಪೇಸ್ಟ್ ಬಟಾಣಿಯಷ್ಟು ಹಾಕಿ, ನನ್ನ ಕಾರ್ಡನ್ನು ನೀಲಿಗೆ ಸಿಕ್ಕಿಸಿ ಆನ್ ಮಾಡಿದರು. ಕಾರ್ಡಿನ ಎಚ್‌ಡಿಎಂಐನಿಂದಲೇ ಚಿತ್ರ ಬಂತು. ಅಂದೇ ತಗೊಂಡು ಹೋಗಬಹುದಿತ್ತು. ಆದರೆ ನಾಲ್ಕು ಸಲ ಬಿಸಿಯಾಗಿ ತಣ್ಣಗಾದ ಮೇಲೂ ಪಿನ್ ನಿಲ್ಲುತ್ತದಾ ನೋಡಬೇಕು ಅಂತ ಇಟ್ಟುಕೊಂಡರು. ಡ್ರೈವರ್ 580 ಸಾಲಿನದನ್ನು ಹಾಕಿದರು, ಈ ತಲೆಮಾರಿನ ಕಾರ್ಡುಗಳಿಗೆ ಅದೇ ಕೊನೆಯ ಸಾಲು. ವಿಂಡೋಸ್ 10ನ್ನು 2025ರ ಅಕ್ಟೋಬರ್ 14ಕ್ಕೇ ಮೈಕ್ರೋಸಾಫ್ಟ್ ಕೈಬಿಟ್ಟಿದೆ, ಇದರಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ ಅಂತಲೂ ಹೇಳಿದರು. ಒಳ್ಳೆ ಮಾತು, ಮಾಡುತ್ತಿಲ್ಲ.

ಮನೆಗೆ ಬಂದು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದರೆ ಎಕ್ಸ್16, ಅಂದರೆ ಹದಿನಾರು ಲೇನ್ ಅಂತಿದೆ, ಪಕ್ಕದಲ್ಲಿ ವೇಗದ ಲೆಕ್ಕ 1.1. ಹಾರ್ಟು ಬಾಯಿಗೆ ಬಂತು, 3.0 ಇರಬೇಕಲ್ವಾ? ಫೋನ್ ಮಾಡಿದೆ. ಕೆಲಸ ಇಲ್ಲದಾಗ ಕಾರ್ಡ್ ವೇಗ ಇಳಿಸಿಕೊಳ್ಳುತ್ತದೆ, ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಟೆಸ್ಟ್ ಓಡಿಸಿ ಅಂದರು. ಓಡಿಸಿದೆ, 3.0 ಆಯಿತು. ಆ ನಲವತ್ತು ನಿಮಿಷದ ಭಜನೆ ಈಗ ಮುಕ್ಕಾಲು ಗಂಟೆಗೆ ಮುಗಿಯುತ್ತದೆ.

ಖರ್ಚು: ನೋಡಿದ್ದಕ್ಕೆ 300, ಪಿನ್ನಿಗೆ 700, ಸೆಲ್ಲಿಗೆ 40. ಒಟ್ಟು 1,040. ಪೇಸ್ಟಿಗೆ ಏನೂ ತಗೊಳ್ಳಲಿಲ್ಲ.

ತಕರಾರು ಇಲ್ಲ ಅಂತಲ್ಲ. ಎರಡು ದಿನ ಅಂದವರು ಐದು ದಿನ ಮಾಡಿದರು. ನಡುವೆ ಫೋನ್ ಎತ್ತಲಿಲ್ಲ, ಮೂರನೇ ದಿನ "ಆಗ್ತೈತ್ರಿ" ಅಂತ ಒಂದು ಮೆಸೇಜ್ ಅಷ್ಟೇ. ಬಿಲ್ ಅಂದರೆ ಡೈರಿಯಿಂದ ಹರಿದ ಹಾಳೆ. ಗ್ಯಾರಂಟಿ ಬಾಯಿಮಾತಿನದು. ಕುಡಿಯಲು ನೀರು ಕೇಳಿದರೆ ಹುಡುಗನನ್ನು ಚಹಾಕ್ಕೆ ಕಳಿಸುತ್ತಾರೆ, ನೀರು ಬರುವುದಿಲ್ಲ. ಮಂಡಿ ನೋವಿನವರಿಗೆ ಆ ಮೆಟ್ಟಿಲು ಆಗದು. ಭಾನುವಾರ ಬಾಗಿಲು ಮುಚ್ಚಿರುತ್ತದೆ. ಹೋಗುವ ಮುಂಚೆ ಮೆಸೇಜ್ ಮಾಡಿ. ಫೋನ್ ಮಾಡಿದರೆ ಉಪಯೋಗ ಇಲ್ಲ.

ದುಡ್ಡು ಕೊಡುವಾಗ ಅವರು ಹೇಳಿದ ಮಾತೊಂದು ಈಗಲೂ ಕೊರೆಯುತ್ತದೆ. "ಅಕ್ಕಾರ, ಇಂಟೆಲ್ ಒಳಗೂ ಎನ್‌ಕೋಡರ್ ಐತಿ. ಶಾಟ್‌ಕಟ್‌ನ್ಯಾಗ ಹಾರ್ಡ್‌ವೇರ್ ಎನ್‌ಕೋಡರ್ ಟಿಕ್ ಮಾಡಿದ್ದ್ರ ಕಾರ್ಡ್ ಬ್ಯಾಡಾಗಿತ್ತು ನೋಡ್ರಿ." ಈ ಹಳೆ ಇಂಟೆಲ್‌ಗೆ ಎಚ್‌ಇವಿಸಿ, ಅಂದರೆ ಫೈಲ್ ಚಿಕ್ಕದಾಗುವ ಹೊಸ ಬಗೆಯ ವಿಡಿಯೋ, ಮಾಡಲು ಬರುವುದಿಲ್ಲ, ನಿಮ್ಮ ಕಾರ್ಡಿಗೆ ಬರುತ್ತದೆ ಅಂತ ಆಮೇಲೆ ಸಮಾಧಾನಕ್ಕೆ ಸೇರಿಸಿದರು. ಕಾರ್ಡ್ ಮಾರುವವರ ಬೀದಿಯಲ್ಲೇ ಕೂತು ಹೀಗೆ ಹೇಳುವವರಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಯಾಕೆಂದರೆ ಸೈಡ್ ಪ್ಯಾನೆಲ್‌ನ ಒಂದು ಸ್ಕ್ರೂ ಅವರ ಹತ್ತಿರವೇ ಉಳಿದಿದೆ, ಮಷೀನ್ ಜೋರಾಗಿ ಓಡುವಾಗ ತಗಡು ಗುಂಯ್ ಅನ್ನುತ್ತದೆ. ಸದ್ಯಕ್ಕೆ ಒಂದು ಬಟ್ಟೆ ಕ್ಲಿಪ್ ಸಿಕ್ಕಿಸಿದ್ದೇನೆ.